ಹೊಲದ ಆದಾಯಕ್ಕೆ ಲೆಕ್ಕ ಕೊಟ್ಟ ಡಾ. ವಿ.ಕೆ.ಆರ್.ವಿ. ರಾವ್

ಇದೇ ಶಾಲೆಯಲ್ಲಿ ಕಲಿತು ಮುಂದೆ ಅರ್ಥಶಾಸ್ತ್ರ ಓದಿದ ನನಗೆ, ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರನ್ನು ನೆನೆಯಬೇಕೆನಿಸಿತು. ನಮ್ಮ ಭಾಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1967 ಮತ್ತು 1971ರಲ್ಲಿ, ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದವರು ಅವರು. ಹಿರಿಯರಿಗೆ ಅವರು ಕೇಂದ್ರ ಮಂತ್ರಿಯಾಗಿ ಗೊತ್ತು. ಅವರ ಸಂಶೋಧನೆಯ ಪರಿಚಯ ಇಂದಿನ ಮಕ್ಕಳಿಗೂ ಆಗಬೇಕು.

1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದ ರಾಯರು, ಮುಂಬಯಿಯಲ್ಲಿ ಓದು ಮುಗಿಸಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಸೇರಿದರು. ಹೆಸರಾಂತ ಅರ್ಥಶಾಸ್ತ್ರಜ್ಞ ಕೀನ್ಸ್ ಅಲ್ಲಿದ್ದ ಕಾಲವದು. ರಾಯರು ಸಂಶೋಧನೆಗೆ ಆರಿಸಿಕೊಂಡ ವಿಷಯ ಭಾರತದ ರಾಷ್ಟ್ರೀಯ ಆದಾಯ. ಸಂಬಳದವರ ಆದಾಯ ಕೇಳಿದರೆ ತಿಳಿಯುತ್ತದೆ. ಬೆಳೆದ ಜೋಳವನ್ನು ಮನೆಗಿಷ್ಟು, ಬೀಜಕ್ಕಿಷ್ಟು, ಕೂಲಿಗಿಷ್ಟು ಎಂದು ತೆಗೆದಿಟ್ಟು, ಉಳಿದುದನ್ನು ಮಾತ್ರ ಸಂತೆಗೆ ಒಯ್ಯುವ ರೈತನ ಆದಾಯ ಎಷ್ಟು? ಮಕ್ಕಳ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಮಾಡಿಸಿದ ನಮ್ಮೂರಿನ ಪ್ರತಿ ತಂದೆಗೂ ಈ ತೊಡಕು ಗೊತ್ತು.

ರಾಯರು ಬೇಸಾಯದಲ್ಲಿ ಬೆಳೆದುದಕ್ಕೆಲ್ಲ ಬೆಲೆ ಕಟ್ಟಿದರು. ವ್ಯಾಪಾರ, ಸಾರಿಗೆ, ನೌಕರಿಗಳಲ್ಲಿ ಜನರ ಗಳಿಕೆಯನ್ನು ಕೂಡಿಸಿದರು. ಹೀಗೆ ಮಾರದೆ ಉಂಡ ಕಾಳಿಗೂ ದೇಶದ ಲೆಕ್ಕದಲ್ಲಿ ಜಾಗ ಸಿಕ್ಕಿತು. 1931-32ರಲ್ಲಿ ಬ್ರಿಟಿಷ್ ಭಾರತದ ಒಬ್ಬನ ವಾರ್ಷಿಕ ಆದಾಯ ಸರಾಸರಿ ಸುಮಾರು 62 ರೂಪಾಯಿ ಎಂದು ಅವರು ತೋರಿಸಿದರು.

1952ರಲ್ಲಿ ಅವರು ಕೀನ್ಸರ ಸಿದ್ಧಾಂತವನ್ನೇ ನಮ್ಮ ಹಳ್ಳಿಗಳಿಗೆ ಹಚ್ಚಿ ನೋಡಿದರು. ಸರ್ಕಾರ ಖರ್ಚು ಮಾಡಿದ ಹಣ ಕೈಯಿಂದ ಕೈಗೆ ಹೋಗಿ ಉದ್ಯೋಗವನ್ನೂ ಉತ್ಪನ್ನವನ್ನೂ ಹಲವು ಪಟ್ಟು ಹೆಚ್ಚಿಸುತ್ತದೆ ಎಂಬುದು ಆ ಸಿದ್ಧಾಂತ. ಕಾರ್ಖಾನೆಗಳ ದೇಶದಲ್ಲಿ ಅದು ನಿಜವಾಗಬಹುದು. ಇಬ್ಬರ ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಂಡು ಮಾಡುವ, ಬೇಕೆಂದಾಗ ಇಳುವರಿ ಏರದ ಬೇಸಾಯದ ನಾಡಿನಲ್ಲಿ, ಹಣ ಹೆಚ್ಚಿದರೆ ಬಹುಪಾಲು ಬೆಲೆಯೇ ಏರುತ್ತದೆ ಎಂದು ರಾಯರು ವಾದಿಸಿದರು. ಬರ ಕಂಡ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು ಅವರೇ. ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ದುಡಿದರು. ಅವರು ಕೇಂದ್ರ ಶಿಕ್ಷಣ ಸಚಿವರಾಗಿದ್ದಾಗ, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ನಮ್ಮಲ್ಲಿ ಎಷ್ಟೋ ಜನ ಕಾಲೇಜಿನಲ್ಲಿ ಅದರ ಶಿಬಿರಗಳಿಗೆ ಹೋದವರೇ. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು. 1974ರಲ್ಲಿ ಪದ್ಮವಿಭೂಷಣ ಪುರಸ್ಕಾರ ಬಂತು. 1991ರ ಜುಲೈ 25ರಂದು ನಿಧನರಾದರು.

ಹೊಲದಲ್ಲಿ ಕಳೆ ಕೀಳುವ, ಮನೆಯಲ್ಲಿ ಕಾಳು ಹಸನು ಮಾಡುವ ನಮ್ಮ ತಾಯಂದಿರ ದುಡಿಮೆಗೆ ಇಂದಿಗೂ ಸರಿಯಾದ ಲೆಕ್ಕವಿಲ್ಲ. ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳು ಒಂದು ವರ್ಷ ತಮ್ಮ ಮನೆಯಲ್ಲಿ ಬೆಳೆದದ್ದು, ಉಂಡದ್ದು, ಮಾರಿದ್ದು, ಸಾಲ ತಂದದ್ದು, ಯಾರು ಎಷ್ಟು ಹೊತ್ತು ದುಡಿದರೆಂಬುದು, ಎಲ್ಲವನ್ನೂ ಬರೆದಿಡಲಿ. ಗುರುಗಳು ಇದಕ್ಕೆ ಮುಂದಾದರೆ ನೋಟುಪುಸ್ತಕಗಳನ್ನು ಒದಗಿಸಲು ಹಳೆಯ ವಿದ್ಯಾರ್ಥಿಗಳಾದ ನಾವಿದ್ದೇವೆ.