ಖಡ್ಕಿ ಕಟ್ಟಿದ ಮಲಿಕ್ ಅಂಬರ್



ಸಂಚಿಕೆಗೆ ಬರೆಯಲು ಕುಳಿತರೆ ನಮಗೆ ಮೊದಲು ನೆನಪಾಗುವವರು ಕಿತ್ತೂರು ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ, ಕೆಳದಿಯ ಚೆನ್ನಮ್ಮಾಜಿ. ಅವರ ಕಥೆಗಳನ್ನು ನಾವು ಮಕ್ಕಳಿಗೂ ಹೇಳಿದ್ದೇವೆ. ಈ ಸಲ ನಾನು ನಾವೀಗ ಬದುಕುತ್ತಿರುವ ಈ ನೆಲಕ್ಕಾಗಿ ಹೋರಾಡಿದ ಒಬ್ಬ ಪರದೇಶಿಯ ಕಥೆ ಹೇಳುತ್ತೇನೆ. ವಿಜಯಪುರದಲ್ಲಿ ಬೆಳೆದು ನಾಸಿಕದ ಸೊಸೆಯಾದ ನನಗೆ ಮಲಿಕ್ ಅಂಬರ್ ಬಹಳ ದಿನಗಳಿಂದ ಕಾಡುತ್ತಿರುವ ವ್ಯಕ್ತಿ. ಇಂದಿನ ಛತ್ರಪತಿ ಸಂಭಾಜಿನಗರವನ್ನು 1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿದವನು ಅವನೇ.

ಅಂಬರ್ ಹುಟ್ಟಿದ್ದು ಸುಮಾರು 1548ರಲ್ಲಿ, ಆಫ್ರಿಕಾದ ಇಥಿಯೋಪಿಯಾದಲ್ಲಿ. ಆಗ ಅವನ ಹೆಸರು ಚಾಪು. ಬಾಲ್ಯದಲ್ಲೇ ಗುಲಾಮರ ವ್ಯಾಪಾರಿಗಳ ಕೈಸೇರಿ, ಅರಬ್ ನಾಡುಗಳಲ್ಲಿ ಕೈಯಿಂದ ಕೈಗೆ ಮಾರಾಟವಾದ. ಬಾಗ್ದಾದಿನ ಒಬ್ಬ ಯಜಮಾನ ಹುಡುಗನ ಚುರುಕುತನ ಕಂಡು ಓದು, ಲೆಕ್ಕಪತ್ರ ಕಲಿಸಿದ. ಅಂಬರ್ ಎಂಬ ಹೆಸರೂ ಅವನೇ ಇಟ್ಟಿದ್ದು. 1570ರ ದಶಕದ ಆರಂಭದಲ್ಲಿ ಅಹಮದ್‌ನಗರದ ನಿಜಾಮ್ ಶಾಹಿ ರಾಜ್ಯದ ಪೇಶ್ವೆ ಚಂಗೀಜ್ ಖಾನ್ ಅವನನ್ನು ಕೊಂಡುಕೊಂಡ. ಈ ಚಂಗೀಜ್ ಖಾನನೂ ಒಂದು ಕಾಲದಲ್ಲಿ ಗುಲಾಮನಾಗಿದ್ದ ಹಬ್ಸಿಯೇ. ಕೆಲವೇ ವರ್ಷಗಳಲ್ಲಿ ಯಜಮಾನ ತೀರಿಕೊಂಡಾಗ ಅವನ ಹೆಂಡತಿ ಅಂಬರನನ್ನು ಬಿಡುಗಡೆ ಮಾಡಿದಳು. ಮುಂದೆ ದಿಲ್ಲಿಯ ಬಾದಶಹರ ನಿದ್ದೆಗೆಡಿಸಿದ ಮನುಷ್ಯನ ಸಂಕೋಲೆ ಕಳಚಿದ್ದು ಒಬ್ಬ ವಿಧವೆಯ ಕೈ. ಇದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸುತ್ತದೆ.

ಸ್ವತಂತ್ರನಾದ ಮೇಲೆ ಮದುವೆಯಾದ, ಸಿಪಾಯಿಯಾದ. ನಮ್ಮ ಬಿಜಾಪುರದ ಆದಿಲ್ ಶಾಹಿಯಲ್ಲೂ ದುಡಿದು, ಅಲ್ಲಿ ಮಲಿಕ್ ಎಂಬ ಬಿರುದು ಪಡೆದ. 1595ರ ಹೊತ್ತಿಗೆ 150 ಕುದುರೆ ಸವಾರರೊಂದಿಗೆ ಅಹಮದ್‌ನಗರಕ್ಕೆ ಮರಳಿದ. ಅದೇ ವರ್ಷ ಅಕ್ಬರನ ಸೈನ್ಯ ಅಹಮದ್‌ನಗರದ ಕೋಟೆಯನ್ನು ಮುತ್ತಿತು. ಒಳಗೆ ನಿಂತು ಕಾದಿದವಳು ಅಹಮದ್‌ನಗರದ ಮಗಳು, ಬಿಜಾಪುರದ ಸೊಸೆ ಚಾಂದ್ ಬೀಬಿ. 1600ರಲ್ಲಿ ಆಕೆ ತನ್ನವರ ಕೈಯಲ್ಲೇ ಹತಳಾದಳು. ಕೋಟೆ ಮೊಘಲರ ಪಾಲಾಯಿತು.

ರಾಜ್ಯ ಮುಗಿಯಿತು ಎಂದು ಎಲ್ಲರೂ ಕೈಚೆಲ್ಲಿದಾಗ ಅಂಬರ್ ರಾಜವಂಶದ ಒಬ್ಬ ಯುವಕನನ್ನು ಪರಾಂಡದಲ್ಲಿ ಪಟ್ಟಕ್ಕೆ ಕೂರಿಸಿ, ತನ್ನ ಮಗಳನ್ನೂ ಅವನಿಗೇ ಕೊಟ್ಟ. 1610ರ ಹೊತ್ತಿಗೆ ಅವನ ಬಳಿ 10,000 ಹಬ್ಸಿಗಳೂ 40,000 ದಖನಿಗಳೂ ಇದ್ದರು. ವೇರೂಳಿನ ಭೋಸಲೆ ಮನೆತನದಂಥ ಮರಾಠಾ ಸರದಾರರು ಅವನ ಬಲವಾದರು. ದೊಡ್ಡ ಸೈನ್ಯವನ್ನು ಬಯಲಿನಲ್ಲಿ ಎದುರಿಸದೆ, ಗುಡ್ಡದ ಸಂದಿಗಳಿಗೆ ಎಳೆದು, ರಾತ್ರಿ ಮೇಲೆ ಬಿದ್ದು, ದವಸಧಾನ್ಯದ ಬಂಡಿಗಳನ್ನು ಕಸಿಯುವುದು ಅವನ ಯುದ್ಧದ ರೀತಿ. 1612ರಲ್ಲಿ ಗುಜರಾತಿನಿಂದ ಅಬ್ದುಲ್ಲಾ ಖಾನ್ ನಮ್ಮ ನಾಸಿಕ, ತ್ರ್ಯಂಬಕದ ದಾರಿಯಲ್ಲೇ ದೌಲತಾಬಾದಿನತ್ತ ಬಂದ. ದಾರಿಯುದ್ದಕ್ಕೂ ಪೆಟ್ಟು ತಿಂದು ಬಾಗಲಾಣದ ಮೂಲಕ ವಾಪಸು ಓಡಿದ. ಮೊಘಲರ ಮೇಲಿನ ಗೆಲುವಿನ ನೆನಪಿಗೆ ಅಂಬರ್ ಕಟ್ಟಿಸಿದ ಭಡಕಲ್ ದರ್ವಾಜಾ ಸಂಭಾಜಿನಗರದಲ್ಲಿ ಇಂದಿಗೂ ನಿಂತಿದೆ.

ಅದೇ ಕಾಲದಲ್ಲಿ ದೂರದ ಐರ್ಲೆಂಡಿನಲ್ಲಿ ಹ್ಯೂ ಓನೀಲ್ ಎಂಬ ಕುಲನಾಯಕ ಬೇರೆ ಕುಲಗಳನ್ನು ಕೂಡಿಸಿಕೊಂಡು ಇಂಗ್ಲೆಂಡಿನ ಸೈನ್ಯವನ್ನು ಕಾಡು, ಜೌಗು ನೆಲಗಳಲ್ಲಿ ಹೀಗೆಯೇ ಹೊಂಚುಹಾಕಿ ಹೊಡೆಯುತ್ತಿದ್ದ. 1601ರಲ್ಲಿ ಕಿನ್ಸೇಲ್ ಎಂಬಲ್ಲಿ ಸೋತು, 1607ರಲ್ಲಿ ತಾಯ್ನಾಡು ತೊರೆದು ಹಡಗು ಹತ್ತಿದ. ಅವನು ಕಾದಿದ್ದು ಹುಟ್ಟಿದ ಮಣ್ಣಿಗಾಗಿ. ಅಂಬರನಿಗೆ ಇಲ್ಲಿ ಕುಲವೂ ಇರಲಿಲ್ಲ, ಪೂರ್ವಿಕರ ಮನೆಯೂ ಇರಲಿಲ್ಲ. ಬಂದು ಸೇರಿದ ನೆಲವನ್ನೇ ತನ್ನದೆಂದುಕೊಂಡ.

ಹಾಗೆಂದು ಅವನು ಸಂತನಲ್ಲ. ಸುಲ್ತಾನನ ಹಿರಿಯ ರಾಣಿ ಅಂಬರನ ಮಗಳನ್ನು ಗುಲಾಮಳೆಂದು ಹೀಯಾಳಿಸಿದಳೆಂದೂ, ಅದಕ್ಕಾಗಿ ಅಂಬರ್ ಆ ರಾಣಿಗೂ ಸುಲ್ತಾನನಿಗೂ ವಿಷ ಹಾಕಿಸಿ, ಎಳೆಯ ರಾಜಕುಮಾರನನ್ನು ಪಟ್ಟಕ್ಕೇರಿಸಿದನೆಂದೂ ಆ ಕಾಲದ ಡಚ್ ವರ್ತಕನೊಬ್ಬ ಬರೆದಿಟ್ಟಿದ್ದಾನೆ. ಆ ಒಂದು ಮಾತು ಅಷ್ಟು ಆಳಕ್ಕೆ ಇಳಿಯಿತೇ ಎಂದು ನಾನು ಯೋಚಿಸುತ್ತೇನೆ. ಆದರೂ ಕೊಲೆ ಕೊಲೆಯೇ.

ಇನ್ನೊಂದು ಸಂಗತಿ ವಿಜಯಪುರದವಳಾದ ನನ್ನನ್ನು ಚುಚ್ಚುತ್ತದೆ. 1616ರಲ್ಲಿ ಮೊಘಲರು ಖಡ್ಕಿಯನ್ನು ಹಾಳುಗೆಡವಿದರು. ಅಂಬರ್ ಮತ್ತೆ ಕಟ್ಟಿದ. 1624ರಲ್ಲಿ ಭಾತವಡಿಯಲ್ಲಿ ಮೊಘಲ ಮತ್ತು ಬಿಜಾಪುರದ ಸೈನ್ಯಗಳು ಒಟ್ಟಾಗಿ ಬಂದಾಗ ಎರಡನ್ನೂ ಸೋಲಿಸಿದ. ಶಿವಾಜಿ ಮಹಾರಾಜರ ತಂದೆ ಶಹಾಜಿ ಅಂದು ಅವನ ಕಡೆಯಲ್ಲಿ ಹೋರಾಡಿದರು. ಶಹಾಜಿಯವರ ತಮ್ಮ ಶರೀಫಜಿ ಆ ರಣದಲ್ಲೇ ಮಡಿದರು. ಅದೇ ಹುರುಪಿನಲ್ಲಿ ಅಂಬರ್ ಬಿಜಾಪುರದತ್ತ ನುಗ್ಗಿ, ಸಂಗೀತಪ್ರಿಯ ಇಬ್ರಾಹಿಂ ಆದಿಲ್ ಶಾಹ ಆಸೆಯಿಂದ ಕಟ್ಟಿಸುತ್ತಿದ್ದ ನವರಸಪುರವನ್ನು ಕೆಡವಿದ. ತೊರವಿಯ ಬಳಿ ಆ ಪಾಳುಗೋಡೆಗಳನ್ನು ನೋಡುತ್ತಲೇ ನಾನು ಬೆಳೆದದ್ದು. ತನ್ನ ಊರು ಬೂದಿಯಾದದ್ದನ್ನು ಕಂಡವನೇ ಇನ್ನೊಬ್ಬರ ಊರನ್ನು ಕೆಡವಿದ. ಯುದ್ಧ ಯಾರನ್ನೂ ಹಾಗೇ ಬಿಡುವುದಿಲ್ಲ.

ಇಷ್ಟಾದರೂ ನನಗೆ ಅವನ ಮೇಲೆ ಗೌರವ ಉಳಿದದ್ದು ನೀರಿನಿಂದ. ಖಡ್ಕಿಯ ಸುತ್ತ ದೊಡ್ಡ ನದಿಯಿಲ್ಲ. ಅಂಬರ್ ಊರಿನ ಉತ್ತರದ ಗುಡ್ಡಗಳ ಅಂತರ್ಜಲವನ್ನು ನೆಲದಡಿಯ ಕಾಲುವೆಗಳಲ್ಲಿ ಊರೊಳಕ್ಕೆ ಹರಿಸಿದ. ಪಂಪಿಲ್ಲ, ಯಂತ್ರವಿಲ್ಲ, ಇಳಿಜಾರಿನ ಲೆಕ್ಕ ಒಂದೇ. ನಹರ್-ಎ-ಅಂಬರಿ ಎಂಬ ಈ ವ್ಯವಸ್ಥೆ ಶತಮಾನಗಳ ಕಾಲ ಮನೆಮನೆಗೆ ನೀರುಣಿಸಿತು. ಇಂದು ಆ ಊರು ನಾಸಿಕದಿಂದ ಹರಿದುಹೋಗುವ ಗೋದಾವರಿಯನ್ನೇ ಪೈಠಣದ ಜಾಯಕವಾಡಿ ಅಣೆಕಟ್ಟಿನಲ್ಲಿ ಹಿಡಿದು ಕುಡಿಯುತ್ತದೆ; ಬರ ಬಂದಾಗ ಎರಡು ಜಿಲ್ಲೆಗಳ ನಡುವೆ ಜಗಳವೂ ಆಗುತ್ತದೆ. ನಲ್ಲಿಯ ಮುಂದೆ ಕೊಡ ಹಿಡಿದು ಕಾಯುವವರು ಯಾರು ಎಂಬುದು ನಮಗೆಲ್ಲ ಗೊತ್ತೇ ಇದೆ. ಮನೆಯ ಹೆಂಗಸರ ತಲೆಯ ಮೇಲಿನ ಭಾರ ಇಳಿಸಿದ ರಾಜಕಾರಣಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

1626ರಲ್ಲಿ, ಸುಮಾರು ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಅಂಬರ್ ತೀರಿಕೊಂಡ. ಜಹಾಂಗೀರ ಅವನ ತಲೆಗೆ ಬಾಣ ಹೊಡೆಯುವಂತೆ ಚಿತ್ರ ಬರೆಸಿಕೊಂಡನೇ ಹೊರತು ಬದುಕಿರುವಾಗ ಹಿಡಿಯಲಾಗಲಿಲ್ಲ. ಅಂಬರ್ ಹೋದ ಹತ್ತೇ ವರ್ಷಗಳಲ್ಲಿ, 1636ಕ್ಕೆ, ನಿಜಾಮ್ ಶಾಹಿ ಮುಳುಗಿತು. ಶಹಾಜಿ ಬಿಜಾಪುರದ ಸೇವೆಗೆ ಸೇರಿ ನಮ್ಮ ಬೆಂಗಳೂರಿಗೆ ಬಂದರು. ಅವರ ಸಮಾಧಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ. ಮರಾಠಾ ವೀರನೊಬ್ಬ ಕನ್ನಡದ ಮಣ್ಣಿನಲ್ಲಿ, ಹಬ್ಸಿ ವೀರನೊಬ್ಬ ಮರಾಠಿ ಮಣ್ಣಿನಲ್ಲಿ.

ಖಡ್ಕಿಯ ಹೆಸರು ಫತೇನಗರವಾಯಿತು, ಔರಂಗಾಬಾದಾಯಿತು, ಈಗ ಛತ್ರಪತಿ ಸಂಭಾಜಿನಗರ. ಅಂಬರನ ಹೆಸರು ಅವನು ತಂದ ನೀರಿಗೆ ಉಳಿಯಿತು. ಹೊರನಾಡಿನಲ್ಲಿ ನೆಲೆಸಿ, ನಾವು ಯಾವ ಊರಿನವರು ಎಂದು ಆಗಾಗ ಕೇಳಿಸಿಕೊಳ್ಳುವ ನಮಗೆ ಇದರಲ್ಲಿ ಒಂದು ಉತ್ತರವಿದೆ ಎಂದುಕೊಂಡಿದ್ದೇನೆ. ವೇರೂಳಿನ ಕೈಲಾಸ ದೇವಾಲಯ ನೋಡಿ ರಾಷ್ಟ್ರಕೂಟರ ಬಗ್ಗೆ ಹೆಮ್ಮೆಪಡಲು ಹೋಗುವವರು ಹತ್ತಿರದ ಖುಲ್ದಾಬಾದಿನಲ್ಲಿ ಅರ್ಧ ಗಂಟೆ ಇಳಿಯಿರಿ. ಅಲ್ಲಿ ಅಂಬರನ ಗೋರಿಯಿದೆ. ಸ್ವಲ್ಪವೇ ದೂರದಲ್ಲಿ ಅವನ ಹೆಂಡತಿ ಬೀಬಿ ಕರೀಮಾಳದೂ ಇದೆ. ಅದನ್ನೂ ನೋಡಿ ಬನ್ನಿ.