ಒಂಟಿಗೈಯ ಛಾಯಾಚಿತ್ರಕಾರ ಯೋಸೆಫ್ ಸುದೆಕ್

ಶಿಲ್ಪಿಗೆ ಉಳಿ ಹಿಡಿಯಲು, ವೈಣಿಕನಿಗೆ ತಂತಿ ಮೀಟಲು, ಲಿಪಿಕಾರನಿಗೆ ಅಕ್ಷರ ಬಿಡಿಸಲು ಕೈಗಳೇ ಮೊದಲ ಬಂಡವಾಳ. ಛಾಯಾಚಿತ್ರಕಾರನೂ ಈ ಮಾತಿಗೆ ಹೊರತಾದವನಲ್ಲ. ಮರದ ಪೆಟ್ಟಿಗೆಯಂತಹ ಭಾರವಾದ ಕ್ಯಾಮರಾವನ್ನು ಹೊತ್ತು ನಡೆದು, ಮೂರು ಕಾಲಿನ ನಿಲುವಿನ ಮೇಲೆ ಅದನ್ನು ಬಿಗಿದು, ಕತ್ತಲ ಕೋಣೆಯಲ್ಲಿ ಕುಳಿತು ಚಿತ್ರವನ್ನು ತೊಳೆದು ತೆಗೆಯಬೇಕಾಗಿದ್ದ ಕಾಲದಲ್ಲಿ ಎರಡು ಕೈಗಳೂ ಸಾಲದೆಂದು ಹೇಳುವವರೇ ಹೆಚ್ಚು. ಅಂತಹ ಕಾಲದಲ್ಲಿ ಒಂದೇ ಕೈಯಿಂದ ಅರ್ಧ ಶತಮಾನಕ್ಕೂ ಮಿಕ್ಕಿ ದುಡಿದು, ಜಗತ್ತಿನ ಶ್ರೇಷ್ಠ ಛಾಯಾಚಿತ್ರಕಾರರ ಪಂಕ್ತಿಯಲ್ಲಿ ಸ್ಥಾನ ಪಡೆದವರು ಪ್ರಾಗ್ ನಗರದ ಯೋಸೆಫ್ ಸುದೆಕ್.

ಸುದೆಕ್ ಅವರು 1896ನೆಯ ಇಸವಿ ಮಾರ್ಚ್ 17ರಂದು ಬೊಹೀಮಿಯಾ ಪ್ರಾಂತದ ಕೊಲೀನ್ ಎಂಬ ಊರಿನಲ್ಲಿ ಜನಿಸಿದರು. ಈಗ ಚೆಕ್ ಗಣರಾಜ್ಯದಲ್ಲಿರುವ ಆ ಪ್ರಾಂತವು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಮನೆಗಳಿಗೆ ಬಣ್ಣ ಬಳಿದು ಸಂಸಾರ ಸಾಗಿಸುತ್ತಿದ್ದ ತಂದೆ, ಮಗ ಇನ್ನೂ ಎಳೆಯ ಕೂಸಾಗಿದ್ದಾಗಲೇ ತೀರಿಕೊಂಡರು. ಮಕ್ಕಳನ್ನು ಸಾಕುವ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಬಡತನದ ಮನೆಯ ಹುಡುಗನಿಗೆ ಹೊಟ್ಟೆಪಾಡಿನ ವಿದ್ಯೆಯೊಂದು ಬೇಕೆಂದು, 1911ರಲ್ಲಿ ಅವರು ಪ್ರಾಗ್ ನಗರಕ್ಕೆ ಬಂದು ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿಯತೊಡಗಿದರು. ಹಾಳೆಗಳನ್ನು ಹೊಂದಿಸಿ, ಹೊಲಿದು, ಅಂಟು ಹಚ್ಚಿ, ಅಂಚು ಕತ್ತರಿಸುವ ಆ ಕೆಲಸ ಎರಡು ಕೈಗಳ ಕೆಲಸ. ಛಾಯಾಚಿತ್ರ ತೆಗೆಯುವ ಹವ್ಯಾಸವೂ ಆ ದಿನಗಳಲ್ಲೇ ಅವರಿಗೆ ಹತ್ತಿತು.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಮರುವರ್ಷ ಸುದೆಕ್ ಅವರನ್ನು ಸೈನ್ಯಕ್ಕೆ ಸೇರಿಸಿಕೊಂಡು ಇಟಲಿಯ ರಣರಂಗಕ್ಕೆ ಕಳುಹಿಸಿದರು. 1916ರಲ್ಲಿ ಸಿಡಿಗುಂಡಿನ ಚೂರು ಅವರ ಬಲಗೈಗೆ ಬಡಿಯಿತು. ಗಾಯವು ಕೊಳೆಯಲಾರಂಭಿಸಿದ್ದರಿಂದ ಪ್ರಾಣವನ್ನು ಉಳಿಸುವುದಕ್ಕಾಗಿ ವೈದ್ಯರು ತೋಳನ್ನು ಭುಜದ ಬುಡದಿಂದಲೇ ತೆಗೆಯಬೇಕಾಯಿತು. ಆಗ ಅವರಿಗೆ ವಯಸ್ಸು ಇಪ್ಪತ್ತು. ಕಲಿತ ಕಸುಬು ಅಲ್ಲಿಗೆ ಮುಗಿಯಿತು.

ಆಸ್ಪತ್ರೆಗಳ ವಾಸ ದೀರ್ಘವಾಯಿತು. ಯುದ್ಧದಲ್ಲಿ ಅಂಗಹೀನರಾದ ಸೈನಿಕರಿಗಾಗಿ ಕಟ್ಟಿಸಿದ ಇನ್ವಾಲಿಡೊವ್ನಾ ಎಂಬ ಹದಿನೆಂಟನೆಯ ಶತಮಾನದ ವಿಶಾಲ ಕಟ್ಟಡವು ಪ್ರಾಗ್ ನಗರದಲ್ಲಿದೆ. ಅಲ್ಲಿಯ ತಮ್ಮ ಜೊತೆಗಾರರನ್ನು ಸುದೆಕ್ ಅವರು ಕ್ಯಾಮರಾದಲ್ಲಿ ಕಂಡರು. ಕಿಟಕಿಯಿಂದ ಇಳಿದ ಬೆಳಕು, ಹೊಗೆಬತ್ತಿಯ ಧೂಮದಲ್ಲಿ ತೇಲಿ, ಸುಮ್ಮನೆ ಕುಳಿತ ಆ ನೊಂದ ಜೀವಿಗಳ ಹೆಗಲ ಮೇಲೆ ಬೀಳುವ ಚಿತ್ರಗಳವು. ಗಾಯಗಳನ್ನು ಎತ್ತಿ ತೋರಿಸಿ ಕರುಣೆ ಬೇಡುವ ಚಿತ್ರ ಅವುಗಳಲ್ಲಿ ಒಂದೂ ಇಲ್ಲ. ಕಚೇರಿಯಲ್ಲಿ ಕುಳಿತು ಮಾಡುವ ನೌಕರಿ ದೊರಕುವಂತಿದ್ದರೂ ಅದನ್ನು ಒಲ್ಲೆನೆಂದು, ಅಂಗವಿಕಲ ಸೈನಿಕರಿಗೆ ಸಲ್ಲುವ ಅಲ್ಪ ವೇತನವನ್ನು ನೆಚ್ಚಿಕೊಂಡು, ಅವರು ಛಾಯಾಚಿತ್ರಣವನ್ನೇ ಜೀವನಮಾರ್ಗವಾಗಿ ಆರಿಸಿಕೊಂಡರು. 1922ರಿಂದ 1924ರವರೆಗೆ ಪ್ರಾಗ್ ನಗರದ ರಾಜ್ಯ ಗ್ರಾಫಿಕ್ ಕಲಾಶಾಲೆಯಲ್ಲಿ ಕರೆಲ್ ನೊವಾಕ್ ಎಂಬ ಗುರುಗಳ ಬಳಿ ಕ್ರಮವಾಗಿ ವ್ಯಾಸಂಗ ಮಾಡಿದರು. 1924ರಲ್ಲಿ ಯಾರೊಮಿರ್ ಫುಂಕೆ ಮೊದಲಾದ ಗೆಳೆಯರೊಡಗೂಡಿ ಚೆಕ್ ಛಾಯಾಚಿತ್ರ ಸಂಘವನ್ನು ಸ್ಥಾಪಿಸಿದರು.

ಅದೇ ಸಮಯದಲ್ಲಿ ಪ್ರಾಗ್ ನಗರದ ಸಂತ ವೀಟಸ್ ಮಹಾದೇವಾಲಯದ ಕಟ್ಟಡ ಮುಗಿಯುವ ಹಂತದಲ್ಲಿತ್ತು. 1344ರಲ್ಲಿ ತೊಡಗಿದ ಆ ನಿರ್ಮಾಣಕಾರ್ಯ ಆರು ಶತಮಾನಗಳ ಹತ್ತಿರ ಎಳೆದು 1929ರಲ್ಲಿ ಪೂರ್ಣಗೊಂಡಿತು. ಸುದೆಕ್ ಅವರು 1924ರಿಂದ ಅಲ್ಲಿಗೆ ಮೇಲಿಂದ ಮೇಲೆ ಹೋಗುತ್ತಿದ್ದರು. ಗಗನಚುಂಬಿ ಕಂಬಗಳ ನಡುವೆ ಕಲ್ಲುಕುಟಿಗರು ಬಿಟ್ಟುಹೋದ ಸಲಿಕೆ, ತಳ್ಳುಗಾಡಿ, ಹಲಗೆಗಳ ರಾಶಿ, ಅವುಗಳ ಮೇಲೆ ಧೂಳಿನ ತೆರೆಯನ್ನು ಸೀಳಿ ಇಳಿಯುವ ಸೂರ್ಯಕಿರಣ: ಭಕ್ತರ ಕಣ್ಣು ಕಾಣದ ದೇಗುಲವನ್ನು ಅವರ ಕ್ಯಾಮರಾ ಕಂಡಿತು.

ಈ ಕೆಲಸದ ನಡುವೆಯೇ ಅವರ ಬಾಳಿನ ಒಂದು ಕಠಿನ ಪ್ರಸಂಗ ನಡೆಯಿತು. 1926ರಲ್ಲಿ ಚೆಕ್ ಫಿಲ್‌ಹಾರ್ಮನಿಕ್ ವಾದ್ಯವೃಂದದ ಗೆಳೆಯರು ಇಟಲಿಗೆ ಹೊರಟಾಗ ಸುದೆಕ್ ಅವರೂ ಜೊತೆಗೂಡಿದರು. ಒಂದು ರಾತ್ರಿ ಕಛೇರಿ ನಡೆಯುತ್ತಿರುವಾಗಲೇ ಅವರು ಸದ್ದಿಲ್ಲದೆ ಎದ್ದು ಹೊರಟುಹೋದರು. ಕತ್ತಲಲ್ಲಿ ದಾರಿ ತಪ್ಪುತ್ತ, ಮುಂಜಾವದ ಹೊತ್ತಿಗೆ ಇಬ್ಬನಿಯಲ್ಲಿ ತೊಯ್ದ ಹೊಲವೊಂದಕ್ಕೆ ಬಂದು ನಿಂತರು. ಹತ್ತು ವರ್ಷಗಳ ಹಿಂದೆ ಅವರು ತೋಳನ್ನು ಕಳೆದುಕೊಂಡಿದ್ದು ಆ ನೆಲದಲ್ಲಿಯೇ. ಗಾಯಾಳುವಾಗಿದ್ದಾಗ ತಮ್ಮನ್ನು ಹೊತ್ತು ತಂದಿದ್ದ ತೋಟದ ಮನೆ ಹಾಗೆಯೇ ಇತ್ತು. ತೋಳು ಮಾತ್ರ ಅಲ್ಲಿರಲಿಲ್ಲ. ಸಿಕ್ಕದೆಂದು ಬಲ್ಲವರೇ ಆದರೂ ಅದನ್ನು ಅರಸದೆ ಇರಲಾರದ ಸಂಕಟ ಅವರದು. ಎರಡು ತಿಂಗಳ ಕಾಲ ಊರಿಗೆ ಮರಳದೆ ಅಲ್ಲಿಯೇ ಅಲೆದರು, ಸ್ನೇಹಿತರು ಆತಂಕಗೊಂಡರು. ಕೊನೆಗೆ ಪ್ರಾಗ್ ನಗರಕ್ಕೆ ಹಿಂದಿರುಗಿದ ಮೇಲೆ ದೂರದೇಶದ ಯಾತ್ರೆಗೆ ಅವರು ಮತ್ತೆ ಹೊರಟವರಲ್ಲ. ಬಿಟ್ಟಿದ್ದ ಮಹಾದೇವಾಲಯದ ಚಿತ್ರಗಳನ್ನು ಕೈಗೆತ್ತಿಕೊಂಡರು. ಗಣರಾಜ್ಯದ ಹತ್ತನೆಯ ವರ್ಷಾಚರಣೆಯ ನಿಮಿತ್ತ 1928ರಲ್ಲಿ ಅವುಗಳಲ್ಲಿ ಹದಿನೈದು ಚಿತ್ರಗಳ ಸಂಪುಟವು ಪ್ರಕಟವಾಗಿ ಅವರಿಗೆ ಕೀರ್ತಿಯನ್ನು ತಂದಿತು.

1927ರಲ್ಲಿ ಪ್ರಾಗ್ ನಗರದ ಊಯೆಜ್ದ್ ಬೀದಿಯ ಮನೆಗಳ ಹಿತ್ತಿಲಲ್ಲಿದ್ದ ಪುಟ್ಟ ಮರದ ಕಟ್ಟಡವೊಂದನ್ನು ಅವರು ಬಾಡಿಗೆಗೆ ಹಿಡಿದರು. ವಿವಾಹವಾಗದೆ ಉಳಿದ ಅವರಿಗೆ ಅದೇ ಮನೆ, ಅದೇ ಚಿತ್ರಶಾಲೆ. ತಂಗಿ ಬೊಜೆನಾ ಅವರು ಜೊತೆಗಿದ್ದು ಕೆಲಸದಲ್ಲಿಯೂ ನೆರವಾದರು. ಜೀವನೋಪಾಯಕ್ಕಾಗಿ ಪ್ರಕಾಶನ ಸಂಸ್ಥೆಗೂ ಜಾಹೀರಾತಿಗೂ ಚಿತ್ರ ತೆಗೆದುಕೊಡುತ್ತ, ಉಳಿದ ಹೊತ್ತನ್ನೆಲ್ಲ ತಮಗೆ ಬೇಕಾದ ಚಿತ್ರಗಳಿಗೆ ಮೀಸಲಿಟ್ಟರು.

1940ರಲ್ಲಿ ಒಂದು ಹಳೆಯ ಚಿತ್ರ ಅವರ ಕಣ್ಣಿಗೆ ಬಿದ್ದಿತು. ಫ್ರಾನ್ಸ್ ದೇಶದ ಶಾರ್ತ್ರ್ ದೇವಾಲಯದ ಶಿಲ್ಪವೊಂದನ್ನು ಸುಮಾರು 1900ರ ವೇಳೆಗೆ ತೆಗೆದ ಚಿತ್ರವದು. ದೊಡ್ಡ ಗಾಜಿನ ಫಲಕವನ್ನು ಕಾಗದಕ್ಕೆ ನೇರವಾಗಿ ಒತ್ತಿ ಮುದ್ರಿಸಿದ್ದರಿಂದ ಕಲ್ಲಿನ ಒಂದೊಂದು ಕಣವೂ ಅದರಲ್ಲಿ ಮಾತನಾಡುವಂತಿತ್ತು. ಅಂದಿನಿಂದ ಸುದೆಕ್ ಅವರು ಚಿತ್ರವನ್ನು ಯಂತ್ರದಿಂದ ಹಿಗ್ಗಿಸಿ ಮುದ್ರಿಸುವುದನ್ನು ಕೈಬಿಟ್ಟರು. ದೊಡ್ಡ ಚಿತ್ರ ಬೇಕಾದರೆ ಕ್ಯಾಮರಾವೂ ಅಷ್ಟೇ ದೊಡ್ಡದಾಗಬೇಕು. ಒಂಟಿಗೈಯವರು ಹಗುರವಾದ ಯಂತ್ರವನ್ನು ಆರಿಸಿಕೊಳ್ಳುವುದು ಸಹಜವಾಗಿದ್ದೀತು. ಅವರು ಆರಿಸಿಕೊಂಡದ್ದು ಅತ್ಯಂತ ಭಾರವಾದುದನ್ನು. ಎಡಗೈಗೆ ನಿಲುಕದ ಕೆಲಸಕ್ಕೆ ಹಲ್ಲುಗಳನ್ನೇ ಎರಡನೆಯ ಕೈಯಾಗಿ ಮಾಡಿಕೊಂಡರು. ಅವಸರವೆಂಬುದು ಈ ಮಾರ್ಗದಲ್ಲಿ ಸಾಧ್ಯವೇ ಇರಲಿಲ್ಲ. ಬೆಳಕು ಬರುವವರೆಗೆ ಕಾಯುವುದು, ಬಂದ ಬೆಳಕು ನಿಧಾನವಾಗಿ ಫಲಕದಲ್ಲಿ ನೆಲೆಸುವವರೆಗೆ ಸುಮ್ಮನಿರುವುದು ಅವರ ಕಲೆಯ ಲಕ್ಷಣವೇ ಆಯಿತು.

ಆಗ ಪ್ರಾಗ್ ನಗರವು ಜರ್ಮನರ ವಶದಲ್ಲಿತ್ತು. ಬೀದಿಯಲ್ಲಿ ದೊಡ್ಡ ಕ್ಯಾಮರಾ ಹಿಡಿದು ತಿರುಗುವುದು ಅಪಾಯಕರವಾಗಿದ್ದುದರಿಂದ ಸುದೆಕ್ ಅವರು ತಮ್ಮ ಕಿಟಕಿಯತ್ತ ತಿರುಗಿದರು. ಗಾಜಿನ ಮೇಲೆ ಕಟ್ಟಿದ ಹಬೆ, ಇಳಿಯುವ ನೀರಹನಿ, ಚಳಿಗಾಲದ ಹಿಮದ ಹೂ, ಅವುಗಳಾಚೆ ಮಸುಕಾಗಿ ಕಾಣುವ ಹಿತ್ತಿಲಿನ ಸೊಟ್ಟ ಸೇಬಿನ ಮರ: 1940ರಿಂದ 1954ರವರೆಗೆ ಈ ಒಂದೇ ಕಿಟಕಿಯನ್ನು ಋತುಋತುವಿನಲ್ಲಿಯೂ ನೋಡಿ ತೆಗೆದ ಚಿತ್ರಮಾಲೆ ಅವರ ಕೃತಿಗಳಲ್ಲಿ ಮೇಲ್ಮಟ್ಟದ್ದೆಂದು ಬಲ್ಲವರು ಮನ್ನಿಸುತ್ತಾರೆ. ಕಿಟಕಿಯ ಕಟ್ಟೆಯ ಮೇಲಿಟ್ಟ ಒಂದು ಲೋಟ ನೀರು, ಒಂದು ಮೊಟ್ಟೆ, ಒಂದು ರೊಟ್ಟಿಯ ತುಂಡು, ಇಷ್ಟೇ ಅವರಿಗೆ ಸಾಕಾಗುತ್ತಿತ್ತು. ಅಚ್ಚ ಬಿಳುಪನ್ನೂ ಕಡುಗಪ್ಪನ್ನೂ ಎದುರುಬದುರು ನಿಲ್ಲಿಸಿ ಬೆರಗುಗೊಳಿಸುವ ಬಗೆ ಅವರದಲ್ಲ. ಇವೆರಡರ ನಡುವೆ ಬೂದುಬಣ್ಣದ ಎಷ್ಟು ಛಾಯೆಗಳಿರಬಹುದೋ ಅಷ್ಟನ್ನೂ ಅವರ ಚಿತ್ರಗಳಲ್ಲಿ ಕಾಣಬಹುದು.

ಯುದ್ಧಾನಂತರ, ಹತ್ತು ಸೆಂಟಿಮೀಟರು ಎತ್ತರ, ಮೂವತ್ತು ಸೆಂಟಿಮೀಟರು ಉದ್ದದ ಚಿತ್ರ ನೀಡುವ ಹಳೆಯ ಕೊಡಕ್ ಕ್ಯಾಮರಾವೊಂದನ್ನು ಹೊತ್ತು ಪ್ರಾಗ್ ನಗರದ ಸೇತುವೆ, ನದಿತೀರ, ಉದ್ಯಾನ, ಹೊರವಲಯಗಳನ್ನೆಲ್ಲ ಸುತ್ತಿದರು. ಅದರ ಫಲವಾಗಿ 284 ಚಿತ್ರಗಳ ಗ್ರಂಥವೊಂದು 1959ರಲ್ಲಿ ಹೊರಬಂದಿತು. ಅದೇ ಕ್ಯಾಮರಾದೊಡನೆ ಉತ್ತರ ಬೊಹೀಮಿಯಾದ ಮೋಸ್ತ್ ಪ್ರದೇಶಕ್ಕೂ ಹೋದರು. ಕಲ್ಲಿದ್ದಲಿಗಾಗಿ ಅಗೆದು ಬಿಸುಟ ಆ ನೆಲದ ಬೋಳುಮರ, ಹೊಗೆಗೊಳವೆ, ಬಿರಿದ ಮಣ್ಣುಗಳನ್ನು 1957ರಿಂದ 1962ರವರೆಗೆ ಚಿತ್ರಿಸಿ, ಆ ಮಾಲೆಗೆ ವಿಷಾದದ ಭೂದೃಶ್ಯವೆಂಬ ಅರ್ಥದ ಹೆಸರಿಟ್ಟರು. ಅಂಗ ಕಳೆದುಕೊಂಡವರ ಕಣ್ಣಿಗೆ ಅಂಗ ಕಳೆದುಕೊಂಡ ನೆಲದ ನೋವು ತಿಳಿಯದೆ ಹೋಗಲಿಲ್ಲ.

ಸ್ವಭಾವತಃ ಸಂಕೋಚಶೀಲರಾದ ಸುದೆಕ್ ಅವರು ಸಭೆ ಸಮಾರಂಭಗಳಿಂದ ದೂರ ಉಳಿಯುತ್ತಿದ್ದರು. ಆದರೆ ಅವರ ಏಕಾಂತವು ಒಂಟಿತನವಾಗದಂತೆ ಕಾಪಾಡಿದ್ದು ಸಂಗೀತ ಹಾಗೂ ಸ್ನೇಹ. ವಾರಕ್ಕೊಂದು ಸಂಜೆ ಗೆಳೆಯರು ಅವರಲ್ಲಿ ನೆರೆದು, ರಾಶಿರಾಶಿಯಾಗಿ ಕೂಡಿಟ್ಟಿದ್ದ ಧ್ವನಿಮುದ್ರಿಕೆಗಳಿಂದ ಶಾಸ್ತ್ರೀಯ ಸಂಗೀತವನ್ನು ಆಲಿಸುತ್ತಿದ್ದರು. ಸಂಗೀತ ರಚನಕಾರ ಯಾನಾಚೆಕ್ ಅವರಲ್ಲಿ ಸುದೆಕ್ ಅವರಿಗೆ ವಿಶೇಷ ಭಕ್ತಿ. ಅವರ ಹುಟ್ಟೂರಾದ ಹುಕ್ವಾಲ್ಡಿಗೆ ಅನೇಕ ಬಾರಿ ಹೋಗಿ ತೆಗೆದ ಚಿತ್ರಗಳು 1971ರಲ್ಲಿ ಪುಸ್ತಕವಾದವು.

1961ರಲ್ಲಿ ಸರಕಾರವು ಹಿರಿಯ ಕಲಾವಿದರಿಗೆ ಸಲ್ಲುವ ಗೌರವಪದವಿಯನ್ನು ಅವರಿಗೆ ನೀಡಿತು. ಆ ಗೌರವ ಛಾಯಾಚಿತ್ರಕಾರರೊಬ್ಬರಿಗೆ ಸಂದದ್ದು ಅದೇ ಮೊದಲು. 1974ರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ಪ್ರಸಿದ್ಧ ಛಾಯಾಚಿತ್ರ ಸಂಗ್ರಹಾಲಯದಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. 1976ರ ಸೆಪ್ಟೆಂಬರ್ 15ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಪ್ರಾಗ್ ನಗರದಲ್ಲಿಯೇ ಅವರು ನಿಧನ ಹೊಂದಿದರು. ಬೆಂಕಿಗೆ ಆಹುತಿಯಾದ ಅವರ ಮರದ ಚಿತ್ರಶಾಲೆಯನ್ನು 2000ದಲ್ಲಿ ಅದೇ ಹಿತ್ತಿಲಲ್ಲಿ ಮತ್ತೆ ಕಟ್ಟಲಾಯಿತು.

ಕಳೆದುಹೋದುದು ಸುದೆಕ್ ಅವರಿಗೆ ಮರಳಿ ಬರಲಿಲ್ಲ. ಅದನ್ನು ಅರಸಿ ಹೋದ ಹೊಲದಿಂದ ಬರಿಗೈಯಲ್ಲಿ ಬಂದರು. ಬಂದವರು ಉಳಿದ ಕೈಯನ್ನು ಐವತ್ತು ವರ್ಷ ಬಿಡುವಿಲ್ಲದೆ ದುಡಿಸಿದರು. ಊನವನ್ನು ಮರೆಮಾಚದೆ, ಅದನ್ನೇ ಹೇಳಿಕೊಂಡು ತಿರುಗದೆ, ಒಂದು ಕಿಟಕಿಯ ಮುಂದೆ ತಾಳ್ಮೆಯಿಂದ ಕುಳಿತು ಲೋಕದ ಬೆಳಕನ್ನು ಕಂಡು ಕಾಣಿಸಿದ ಬಾಳು ಅವರದು.