ಕಂಪ್ಯೂಟರಿನಲ್ಲಿ ಕನ್ನಡ ಬೇಕೆಂದರೆ ದುಡ್ಡು ಕೊಡಬೇಕೆ? ತೇಜಸ್ವಿ ಕೊನೆಯ ವರ್ಷಗಳಲ್ಲಿ ಹಿಡಿದ ಹಟ

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂಥ ಊರಿನ ಒಂದು ಮನೆಗೆ ಮೊದಲ ಸಲ ಕಂಪ್ಯೂಟರ್ ಬರುತ್ತಿದೆ ಎಂದುಕೊಳ್ಳಿ. ಮಗಳು ಪಿಯುಸಿ ಮುಗಿಸಿದ್ದಾಳೆ, ಕಡಲೆಕಾಯಿ ಮಾರಿದ ದುಡ್ಡು ಕೈಯಲ್ಲಿದೆ, ಶಿರಾಕ್ಕೋ ತುಮಕೂರಿಗೋ ಹೋಗಿ ತರೋಣ ಅಂತ ಮನೆಯವರೆಲ್ಲ ಮಾತಾಡಿಕೊಂಡಿದ್ದಾರೆ. ಅಂಗಡಿಯಲ್ಲಿ ಮೊದಲು ಹೇಳುವುದು ಪೆಟ್ಟಿಗೆಯ ಬೆಲೆ. ಅದಕ್ಕೆ ಒಪ್ಪಿದ ಮೇಲೆ ಒಂದೊಂದೇ ಬಾಲ ಅಂಟಿಕೊಳ್ಳುತ್ತದೆ. ವಿಂಡೋಸ್‌ಗೆ ಇಷ್ಟು, ಆಫೀಸ್‌ಗೆ ಇಷ್ಟು, ಆಂಟಿವೈರಸ್‌ಗೆ ಇಷ್ಟು, ಕನ್ನಡ ಟೈಪಿಂಗ್ ಬೇಕಾದರೆ ಅದಕ್ಕೂ ಇಷ್ಟು.

ಕೊನೆಯ ಸಾಲು ಸುಳ್ಳು. ಇವತ್ತು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು, ಓದಲು, ಹುಡುಕಲು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಆದರೆ ಆ ಮಾತು ನಿಜವಾಗಿದ್ದ ಕಾಲವೊಂದಿತ್ತು. ಅದು ಹಾಗೇ ಉಳಿಯಬಾರದು ಎಂದು ಹಟ ಹಿಡಿದವರಲ್ಲಿ ನಮಗೆಲ್ಲ ಬೇರೆ ಕಾರಣಕ್ಕೆ ಗೊತ್ತಿರುವ ಒಬ್ಬರಿದ್ದರು: ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಅವರ ಫೋಟೋದ ಮೇಲೆ ಎರಡು ಸಾಲು ಬರೆದ ಚಿತ್ರಗಳು ವಾಟ್ಸಾಪ್‌ನಲ್ಲಿ ದಿನಾ ಓಡಾಡುತ್ತವೆ. ಯಾವ ಪುಸ್ತಕದ್ದು, ಯಾವ ಪುಟದ್ದು ಎಂದು ಕೇಳಿದರೆ ಉತ್ತರ ಬರುವುದು ಕಡಿಮೆ. ಅವರು ಕಂಪ್ಯೂಟರಿಗಾಗಿ ಮಾಡಿದ ಕೆಲಸ ಮಾತ್ರ ಫಾರ್ವರ್ಡ್ ಆಗುವುದೇ ಇಲ್ಲ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ, ಕನ್ನಡ ಎಂ.ಎ. ಮಾಡಿದರು. ಅಂಥ ಮನೆಯ ಮಗ, ಅಂಥ ಪದವಿ, ಕಾಲೇಜಿನಲ್ಲಿ ಪಾಠ ಹೇಳುವ ನೌಕರಿ ಹಿಡಿಯುವುದು ಸಹಜವಾಗಿತ್ತು. ಅವರು ಹೋದದ್ದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಡೆಗೆ, ಕಾಫಿ ತೋಟ ಮಾಡಲು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು. ಮೊದಲ ತೋಟಕ್ಕೆ ಚಿತ್ರಕೂಟ ಎಂದು ಹೆಸರು, ಆಮೇಲಿನ ಮನೆ ನಿರುತ್ತರ. ಇಬ್ಬರು ಹೆಣ್ಣುಮಕ್ಕಳು. ಉಳಿದ ಬದುಕೆಲ್ಲ ಅಲ್ಲೇ ಕಳೆಯಿತು.

ಅವರ ಪುಸ್ತಕಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. 'ಕರ್ವಾಲೊ' ಬಂದದ್ದು 1980ರಲ್ಲಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಆ ಕಥೆಯಲ್ಲಿ ವಿಜ್ಞಾನಿಯೂ ಹಳ್ಳಿಯ ಮಂದಣ್ಣನೂ ಒಟ್ಟಿಗೆ ನಡೆಯುತ್ತಾರೆ. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ತಬರನ ಕಥೆ' ಗಿರೀಶ್ ಕಾಸರವಳ್ಳಿಯವರ ಸಿನಿಮಾ ಆಯಿತು. ನಮ್ಮಂಥ ವಿಜ್ಞಾನದ ಪುಟಗಳಿಗೆ ಮುಖ್ಯವಾಗುವುದು ಇನ್ನೊಂದು: ಹಕ್ಕಿ, ಕೀಟ, ಮೀನು, ಭೂಮಿಯ ಹುಟ್ಟು, ಯುದ್ಧದ ಚರಿತ್ರೆ, ಇದನ್ನೆಲ್ಲ ಅವರು ಕನ್ನಡ ಮಾತ್ರ ಬಲ್ಲ ಓದುಗರಿಗಾಗಿ ಬರೆದರು. ಮಿಲೆನಿಯಮ್ ಮಾಲಿಕೆಯ ಪುಟ್ಟ ಪುಸ್ತಕಗಳನ್ನು ಹೈಸ್ಕೂಲು ಲೈಬ್ರರಿಯಲ್ಲಿ ಓದಿ ಬೆಳೆದವರು ನಮ್ಮ ಓದುಗರಲ್ಲೇ ಎಷ್ಟೋ ಮಂದಿ ಇದ್ದಾರೆ.

ಅವರಿಗೆ ಕೈಕೆಲಸದ ಹುಚ್ಚು ದೊಡ್ಡದಿತ್ತು. ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ದಿನಗಟ್ಟಲೆ ಕಾಯುತ್ತಿದ್ದರು, ಗಾಳ ಹಾಕಿ ಹೊಳೆಯ ದಡದಲ್ಲಿ ಕೂರುತ್ತಿದ್ದರು, ಚಿತ್ರ ಬರೆಯುತ್ತಿದ್ದರು. ಇಂಥ ಮನುಷ್ಯನ ಕೈಗೆ ಕಂಪ್ಯೂಟರ್ ಸಿಕ್ಕರೆ ಸುಮ್ಮನೆ ಪತ್ರ ಟೈಪ್ ಮಾಡಿ ಎದ್ದುಹೋಗುವುದಿಲ್ಲ. ಒಳಗೆ ಏನಾಗುತ್ತಿದೆ, ಇದರಲ್ಲಿ ಕನ್ನಡ ಯಾಕೆ ಹೀಗೆ ಒದ್ದಾಡುತ್ತಿದೆ ಎಂದು ಕೇಳುತ್ತಾರೆ.

ಒದ್ದಾಡುತ್ತಿದ್ದದ್ದು ಯಾಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಅಂಗಡಿಯವರ ಆ ಕೊನೆಯ ಸಾಲಿನ ಬೇರು ಇಲ್ಲೇ ಇದೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65 ಎಂದು ಬಹಳ ಹಿಂದೆಯೇ ಗೊತ್ತುಮಾಡಿದ್ದಾರೆ. ಪ್ರಪಂಚದ ಯಾವ ಯಂತ್ರಕ್ಕೆ ಹೋದರೂ 65 ಎಂದರೆ ಅದೇ. ಕನ್ನಡಕ್ಕೆ ಹಾಗೆ ಎಲ್ಲ ಯಂತ್ರಗಳೂ ಒಪ್ಪಿ ಬಳಸುವ ಸಂಖ್ಯೆಗಳು ಬಹಳ ಕಾಲ ಇರಲಿಲ್ಲ. ಆಗ ಕನ್ನಡ ತಂತ್ರಾಂಶ ಮಾಡುವವರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಪರದೆಯ ಮೇಲೆ ಅವುಗಳ ಬದಲು ಕನ್ನಡ ಅಕ್ಷರದ ಚಿತ್ರ ಕಾಣುವ ಹಾಗೆ ಫಾಂಟ್ ಮಾಡಿದರು. ನಿಮ್ಮ ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿನ ಮಟ್ಟಿಗೆ ಅದು ಅರ್ಥವಿಲ್ಲದ ಇಂಗ್ಲಿಷ್. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಫೈಲ್ ತೆರೆದರೆ ವೇಷ ಕಳಚಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿ ಕಾಣುತ್ತಿತ್ತು. ಹಳೆಯ ಸರ್ಕಾರಿ ಫೈಲ್ ತೆರೆದವರಿಗೆ ಇದು ಇವತ್ತಿಗೂ ಪರಿಚಿತ.

ಇನ್ನೂ ಕಷ್ಟ ಏನೆಂದರೆ ಒಂದೊಂದು ಕಂಪನಿಯದ್ದು ಒಂದೊಂದು ವೇಷ. ಒಬ್ಬರ ತಂತ್ರಾಂಶದಲ್ಲಿ ಬರೆದದ್ದು ಇನ್ನೊಬ್ಬರದ್ದರಲ್ಲಿ ತೆರೆಯದು. ಹಾಗಾಗಿ ಪ್ರೆಸ್ಸಿನವರು ಯಾವ ತಂತ್ರಾಂಶ ಕೊಂಡಿದ್ದಾರೋ ಲೇಖಕನೂ ಅದನ್ನೇ ಕೊಳ್ಳಬೇಕು. ಕೆಲವಕ್ಕೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಪುಟ್ಟ ಬೀಗವೂ ಇರುತ್ತಿತ್ತು. ಬೀಗ ಕಳೆದುಹೋದರೆ ಕನ್ನಡವೂ ಹೋಯಿತು. ಅದಕ್ಕೂ ಹಿಂದೆ, 1980ರ ದಶಕದ ಕೊನೆಗೆ, ಭಾರತೀಯ ಭಾಷೆಗಳಿಗಾಗಿ ಯಂತ್ರದೊಳಗೆ ಕೂರಿಸುವ ಜಿಸ್ಟ್ ಎಂಬ ಕಾರ್ಡನ್ನೇ ಸಿ-ಡ್ಯಾಕ್ ತಯಾರಿಸಿತ್ತು. ಅಂದರೆ ಇಂಗ್ಲಿಷಿನವನಿಗೆ ಕಂಪ್ಯೂಟರಿನ ಬೆಲೆ ಒಂದು, ಕನ್ನಡದವನಿಗೆ ಇನ್ನೊಂದು. ಮನೆಗೆ ಕಂಪ್ಯೂಟರ್ ತರುವ ಸಾಮಾನ್ಯ ಕುಟುಂಬಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ಕನ್ನಡ ತಂತ್ರಾಂಶವನ್ನು ಕಂಡುಹಿಡಿದದ್ದೇ ತೇಜಸ್ವಿ ಎಂದರೆ ತಪ್ಪಾಗುತ್ತದೆ. ಅವರು ಪ್ರೋಗ್ರಾಂ ಬರೆಯುವವರಲ್ಲ. ಕನ್ನಡದ ಕೀಲಿಮಣೆಗೆ ಒಂದು ಸರಳ ವಿನ್ಯಾಸ ಕೊಟ್ಟವರು ಕೆ.ಪಿ. ರಾವ್. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಕನ್ನಡವಿಡೀ ಬರುವಂತೆ, ಉಚ್ಚಾರಣೆಗೆ ಹತ್ತಿರವಾಗಿ ಅದನ್ನು ಜೋಡಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ತಂದು ಉಚಿತವಾಗಿ ಹಂಚಿದರು. ಪರದೇಶದಲ್ಲಿದ್ದ ಕನ್ನಡಿಗರು ಮೊದಲ ಸಲ ಅಮ್ಮನಿಗೆ ಕನ್ನಡದಲ್ಲಿ ಇಮೇಲ್ ಬರೆದದ್ದು ಹೆಚ್ಚಾಗಿ ಅದರಿಂದಲೇ ಇರಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯನ್ನು ರಾಜ್ಯ ಸರ್ಕಾರ ಉಚಿತವಾಗಿ ಕೊಟ್ಟಿತು. ಇವರೆಲ್ಲರ ಕೆಲಸ ದೊಡ್ಡದು.

ತೇಜಸ್ವಿ ಬಂದದ್ದು ಬಳಸುವವರ ಕಡೆಯಿಂದ. ಕಂಪ್ಯೂಟರಿಗೆ ಬಾರದ ಭಾಷೆ ಮುಂದೆ ಆಫೀಸಿನಲ್ಲೂ ಶಾಲೆಯಲ್ಲೂ ಮೂಲೆಗೆ ಬೀಳುತ್ತದೆ ಎಂಬುದು ಅವರ ಮುಖ್ಯ ಆತಂಕ. ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳಲ್ಲಿ ಅವರು ಈ ವಿಷಯವನ್ನು ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಸರ್ಕಾರದವರ ಮುಂದೆ ಮತ್ತೆ ಮತ್ತೆ ಎತ್ತಿದರು. ತಂತ್ರಾಂಶ ಎಲ್ಲರಿಗೂ ಪುಕ್ಕಟೆ ಸಿಗಬೇಕು, ಒಬ್ಬರ ಬೀಗದ ಕೈಯಲ್ಲಿ ಇರಬಾರದು, ಎಲ್ಲ ಯಂತ್ರಗಳಿಗೂ ಒಪ್ಪುವ ಯೂನಿಕೋಡ್ ಬೇಕು ಎಂಬ ದಿಕ್ಕಿನಲ್ಲಿ ಅವರ ಒತ್ತಾಯ ಇತ್ತು. ಲೋಹಿಯಾ ಚಿಂತನೆಯಿಂದ ಹೊರಟು ರೈತ ಚಳವಳಿಯ ಜೊತೆ ನಡೆದವರಿಗೆ ಇದು ಹೊಸ ಜಗಳವೇನಲ್ಲ. ಬಿತ್ತನೆ ಬೀಜ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯ ಇನ್ನೊಂದು ರೂಪ ಎಂದು ನಮಗನ್ನಿಸುತ್ತದೆ.

ಬರೀ ಒತ್ತಾಯಿಸಿ ಬಿಡಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಸೇರಿ, ತಂತ್ರಜ್ಞರನ್ನು ಕೂಡಿಸಿ, ಒಂದು ಕನ್ನಡ ತಂತ್ರಾಂಶ ಹೊರಬರಲು ಕಾರಣರಾದರು. ಅದಕ್ಕೆ ಇಟ್ಟ ಹೆಸರು ಕುವೆಂಪು. ತಂದೆಯನ್ನು ಅಣ್ಣ ಎಂದು ಕರೆದು 'ಅಣ್ಣನ ನೆನಪು' ಬರೆದ ಮಗ, ಕನ್ನಡ ಟೈಪ್ ಮಾಡುವ ಸಾಧನಕ್ಕೂ ಅದೇ ಅಣ್ಣನ ಹೆಸರು ಬಂದಾಗ ಏನೆಂದುಕೊಂಡಿರಬಹುದು! ಆ ತಂತ್ರಾಂಶವನ್ನು ಇವತ್ತು ಬಳಸುವವರು ವಿರಳ. ಅದರಿಂದ ಅದು ಸೋತಿತು ಎಂದು ನಾವು ಹೇಳುವುದಿಲ್ಲ. ಆ ಕಾಲದ ಇಂಥ ಎಲ್ಲ ತಂತ್ರಾಂಶಗಳ ಕೆಲಸವನ್ನೂ ಈಗ ಕಂಪ್ಯೂಟರ್ ತಾನೇ ಮಾಡುತ್ತದೆ.

2007ರ ಏಪ್ರಿಲ್ 5ರಂದು ನಿರುತ್ತರದಲ್ಲಿ ತೇಜಸ್ವಿ ತೀರಿಕೊಂಡರು. ಅವರಿಗೆ ಆಗ 68 ವರ್ಷ. ಅಂಗೈಯಲ್ಲಿ ಹಿಡಿಯುವ ಫೋನಿನಲ್ಲಿ ಹಳ್ಳಿಹಳ್ಳಿಯ ಜನ ಕನ್ನಡದಲ್ಲಿ ಬರೆದು ಕಳಿಸುವುದನ್ನು ಅವರು ನೋಡಲಿಲ್ಲ.

ಅವರು ಕೇಳಿದ ಯೂನಿಕೋಡ್ ನಿಜಕ್ಕೂ ಹೊಸದಾಗಿ ಹುಟ್ಟಬೇಕಿರಲಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು: 3200ರಿಂದ 3327ರವರೆಗೆ, ಒಟ್ಟು 128 ಮನೆಗಳು. ಅ ಎಂದರೆ 3205, ಕ ಎಂದರೆ 3221. ಇದು ಎಲ್ಲ ಯಂತ್ರಕ್ಕೂ ಒಂದೇ, ಇಂಗ್ಲಿಷಿನ 65ರ ಹಾಗೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಜೊತೆಗೇ ಬಂತು. ಕೊರತೆ ಇದ್ದದ್ದು ಬಳಕೆಯಲ್ಲಿ. ಕಚೇರಿಗಳು, ಪ್ರೆಸ್ಸುಗಳು ಹಳೆಯ ವೇಷದ ಫಾಂಟುಗಳನ್ನೇ ಹಿಡಿದು ಕೂತಿದ್ದವು. ಆಮೇಲೆ ಸರ್ಕಾರ ಕನ್ನಡ ತಂತ್ರಾಂಶ ಅಭಿವೃದ್ಧಿಗೆ ಸಮಿತಿ ಮಾಡಿತು. ಅದರ ಅಧ್ಯಕ್ಷರಾಗಿದ್ದ ಪ್ರೊ. ಕೆ. ಚಿದಾನಂದ ಗೌಡರು ತೇಜಸ್ವಿಯವರ ತಂಗಿ ತಾರಿಣಿಯವರ ಪತಿ. 2012ರಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನು ಅಧಿಕೃತವಾಗಿ ಒಪ್ಪಿತು. ತೇಜಸ್ವಿ ಹೋಗಿ ಐದು ವರ್ಷವಾಗಿತ್ತು.

ಈಗ ಮತ್ತೆ ಅಂಗಡಿಗೆ ಬರೋಣ. ಇಂಟರ್ನೆಟ್ ನೋಡಲು, ಆನ್‌ಲೈನ್ ಅರ್ಜಿ ತುಂಬಲು, ಬರೆಯಲು, ಲೆಕ್ಕ ಇಡಲು, ಮಕ್ಕಳ ಪಾಠಕ್ಕೆ ದುಬಾರಿ ಯಂತ್ರ ಬೇಕಿಲ್ಲ. 8 ಜಿಬಿ ರ್ಯಾಮ್ ಇರಲಿ, ಹಳೆಯ ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲಿ. ಕಂಪನಿಗಳು ಬಳಸಿ ಮಾರಿದ ಲ್ಯಾಪ್‌ಟಾಪ್ ಗಟ್ಟಿಯಾಗಿದ್ದರೆ ಅದೂ ಸಾಕು. ಬ್ಯಾಟರಿ, ಕೀಲು, ಚಾರ್ಜರ್ ನೋಡಿ ತನ್ನಿ. ನಿಧಾನವಾಗಿರುವ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸ ಬೇರೆ ಯಾವ ಸಣ್ಣ ಖರ್ಚಿನಿಂದಲೂ ಆಗುವುದಿಲ್ಲ.

ಒಂದು ಎಚ್ಚರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಯದ ಹಳೆಯ ಯಂತ್ರಗಳು ಇದರಿಂದ ಅಗ್ಗಕ್ಕೆ ಬರುತ್ತವೆ. ಅವುಗಳಿಗೆ ಕದ್ದ ವಿಂಡೋಸ್, ಕದ್ದ ಆಫೀಸ್ ಹಾಕಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಬೀಗ ಮುರಿಯುವ ಆ ಪ್ರೋಗ್ರಾಮುಗಳ ಜೊತೆ ವೈರಸ್ ಬರುವುದುಂಟು, ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ. ಬದಲಿಗೆ ಲಿನಕ್ಸ್ ಹಾಕಿಸಿಕೊಳ್ಳಬಹುದು, ಅದು ಪುಕ್ಕಟೆ. ಬರವಣಿಗೆ, ಲೆಕ್ಕಕ್ಕೆ ಲಿಬ್ರೆ ಆಫೀಸ್, ಅದೂ ಪುಕ್ಕಟೆ, ವಿಂಡೋಸ್‌ನಲ್ಲೂ ನಡೆಯುತ್ತದೆ. ಲಿನಕ್ಸ್‌ನಲ್ಲಿ ಕನ್ನಡ ಇಲ್ಲ ಎಂಬ ಮಾತೂ ಸುಳ್ಳು. ಕೆ.ಪಿ. ರಾವ್ ಅವರ ದಾರಿಯಲ್ಲೇ ಬಂದ ಕಗಪ ಕೀಲಿಮಣೆ ಅದರಲ್ಲಿ ಮೊದಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಆಯಿತು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳೂ ಸಿಗುತ್ತವೆ. ಗುಬ್ಬಿ ನಮ್ಮ ತುಮಕೂರು ಜಿಲ್ಲೆಯ ಊರೂ ಹೌದು, ತೇಜಸ್ವಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದ ಜಾತಿಯದ್ದೂ ಹೌದು. ಆದರೆ ಮಗಳ ಕಾಲೇಜು ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವನ್ನು ಕೇಳಿದರೆ ಅದನ್ನು ಮೊದಲೇ ವಿಚಾರಿಸಿ, ಅಸಲಿ ವಿಂಡೋಸ್ ಇರುವ ಯಂತ್ರವನ್ನೇ ತನ್ನಿ. ಅದರಲ್ಲೂ ಕನ್ನಡ ಕೀಲಿಮಣೆ ಒಳಗೇ ಇರುತ್ತದೆ.

ದುಡ್ಡು ಎಣಿಸಿ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಗಡಿಯಲ್ಲೇ ಕನ್ನಡ ಕೀಲಿಮಣೆ ಹಾಕಿಸಿ, ನಿಮ್ಮ ಹೆಸರು, ಊರಿನ ಹೆಸರು ಟೈಪ್ ಮಾಡಿ ಆ ಸಾಲನ್ನು ನಕಲು ಮಾಡಿ ನಿಮ್ಮ ಇಮೇಲ್‌ಗೆ ಕಳಿಸಿ. ಫೋನಿನಲ್ಲಿ ತೆರೆದಾಗ ಪಟ್ಟನಾಯಕನಹಳ್ಳಿ ಎಂದೇ ಕಂಡರೆ ಅದು ಯೂನಿಕೋಡ್. ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಂಡರೆ ಹಳೆಯ ವೇಷದ ಫಾಂಟ್ ಹಾಕಿದ್ದಾರೆ. ತೆಗೆಸಿ, ಯಂತ್ರದಲ್ಲೇ ಇರುವ ಕನ್ನಡವನ್ನು ಹಾಕಿಸಿಕೊಳ್ಳಿ.